ಯಾವ ದಾರದ ಹುಳು

2022ರ ಜೂನ್ ಎರಡನೇ ವಾರ ಅಡ್ಡಗದ್ದೆಯಲ್ಲಿ ನನ್ನ ಅಕ್ಕ, ಮನೆಯ ಹಿಂಬದಿಯ ಕೋಣೆಯಲ್ಲಿ ಸಾಕಿದ್ದ ಗುಲಗಂಜಿ ಹುಳುಗಳನ್ನು ಮೊದಲ ಬಾರಿಗೆ ಮಳೆಗಾಲದಲ್ಲಿ ಹೊರಗೆ ಬಿಟ್ಟಳು. ಅಂಗಳದ ದಾಸವಾಳ ಗಿಡದ ಆರು ಕೊಂಬೆಗಳಿಗೆ ಸೊಳ್ಳೆಪರದೆಯ ಬಟ್ಟೆಯಿಂದ ಹೊಲಿದ ಚೀಲ ತೊಡಿಸಿ, ಒಳಗೆ ಹುಳು ಬಿಟ್ಟು, ಬಾಯಿಗೆ ದಾರ ಕಟ್ಟಿದಳು. ಮೂರು ಚೀಲಕ್ಕೆ ಕೆಂಪು ದಾರ, ಮೂರಕ್ಕೆ ಬಿಳಿ ದಾರ. ನಾನು ಕೊಡೆ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಇಷ್ಟರ ಮಟ್ಟಿಗೆ ನನಗೆ ಅನುಮಾನವಿಲ್ಲ.

ಈ ಹುಳು ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು. ಬೆನ್ನು ಕಪ್ಪು, ತಲೆ ಕಿತ್ತಳೆ. ಮೂಲ ಆಸ್ಟ್ರೇಲಿಯಾ. ನೂರು ವರ್ಷಕ್ಕೂ ಹಿಂದೆ ಕಾಫಿ ಗಿಡಗಳ ಕೀಟ ತಿನ್ನಿಸಲೆಂದು ಇದನ್ನು ನಮ್ಮ ದೇಶಕ್ಕೆ ತಂದರು. ಇದರ ಮುಖ್ಯ ಆಹಾರ ಹಿಟ್ಟು ತಿಗಣೆ. ಕಾಫಿ ಗೊಂಚಲಿನ ಮೇಲೆ, ದಾಸವಾಳದ ಮೊಗ್ಗಿನ ಬುಡದಲ್ಲಿ ಯಾರೋ ಅಕ್ಕಿಹಿಟ್ಟು ಉದುರಿಸಿದ ಹಾಗೆ ಬೆಳ್ಳಗೆ ಕೂತು ರಸ ಹೀರುವ ಕೀಟ ಅದು. ಅಕ್ಕನ ರೊಬಸ್ಟಾ ಕಾಫಿ ಗಿಡಗಳಿಗೆ ಅದು ಹತ್ತಿದ ಬೇಸಿಗೆಯಲ್ಲಿ ಯಾರೋ ಹೇಳಿ, ಬಯಲುಸೀಮೆಯ ಒಂದು ಪ್ರಯೋಗಾಲಯದಿಂದ ಅವಳು ಒಂದು ಡಬ್ಬಿ ಹುಳು ತರಿಸಿಕೊಂಡಳು. ಆಮೇಲೆ ಸಾಕುವುದನ್ನೂ ಕಲಿತಳು.

ಸಾಕುವ ಕ್ರಮ ಹೀಗೆ. ಸಿಹಿಗುಂಬಳವನ್ನು, ಅಂದರೆ ನಮ್ಮ ಕಡೆಯ ಚೀನಿಕಾಯಿಯನ್ನು, ತೊಟ್ಟು ಮುರಿಯದ ಹಾಗೆ ತಂದು ತೊಳೆದು ಒರೆಸಬೇಕು. ಅದರ ಮೇಲೆ ಮೊದಲು ಹಿಟ್ಟು ತಿಗಣೆಯನ್ನೇ ಬೆಳೆಸಬೇಕು. ಕಾಯಿ ಪೂರ್ತಿ ಬಿಳಿಯಾದ ಮೇಲೆ ಜಾಲರಿ ಪೆಟ್ಟಿಗೆಯಲ್ಲಿಟ್ಟು ಗುಲಗಂಜಿ ಹುಳು ಬಿಡಬೇಕು. ಅವು ತಿಂದು, ಮೊಟ್ಟೆ ಇಟ್ಟು, ಹೆಚ್ಚುತ್ತವೆ. ಅಕ್ಕನ ಹಿಂಬದಿ ಕೋಣೆಯಲ್ಲಿ ಬೇಸಿಗೆಯುದ್ದಕ್ಕೂ ಚೀನಿಕಾಯಿಯ ಸಾಲು ಇರುತ್ತಿತ್ತು. ಮಾಘ ಕಳೆಯುತ್ತಿದ್ದಂತೆ ಸುತ್ತಲಿನ ಊರಿನವರು ಖಾಲಿ ಡಬ್ಬಿ ಹಿಡಿದು ಬರುತ್ತಿದ್ದರು. 'ಹುಳದಕ್ಕನ ಮನೆ' ಎಂದರೆ ಬಸ್ಸಿನವರು ಸರಿಯಾದ ಜಾಗದಲ್ಲಿ ಇಳಿಸುತ್ತಿದ್ದರು. ಅಕ್ಕ ಅದಕ್ಕೆ ನಾಚಿಕೊಳ್ಳುತ್ತಿದ್ದಳು. ಬೇಡ ಎಂದು ಯಾರಿಗೂ ಹೇಳಿದ್ದಿಲ್ಲ.

ತೊಂದರೆ ಮಳೆಗಾಲದ್ದು. ತೋಟಕ್ಕೆ ಬಿಟ್ಟ ಹುಳು ಆಷಾಢ ದಾಟುತ್ತಿರಲಿಲ್ಲ ಎಂದು ಅವಳ ನಂಬಿಕೆ. ಅದಕ್ಕೇ ಮೇ ತಿಂಗಳಲ್ಲಿ ಸಿಕ್ಕಷ್ಟನ್ನು ಹಿಡಿದು ಒಳಗೆ ತಂದು, ಬಲ್ಬ್ ಉರಿಸಿ, ಕರೆಂಟ್ ಹೋದರೆ ಅಗ್ಗಿಷ್ಟಿಕೆಯ ಕೆಂಡ ಇಟ್ಟು ಕಾಯುತ್ತಿದ್ದಳು. ಹಾಗೆ ಕಾದರೂ ಕೆಲವು ವರ್ಷ ಅರ್ಧಕ್ಕರ್ಧ ಸತ್ತು, ಮತ್ತೆ ಬಯಲುಸೀಮೆಯಿಂದ ತರಿಸಬೇಕಾಗುತ್ತಿತ್ತು.

ಇದಕ್ಕೂ ನನಗೂ ಸಂಬಂಧ ಒಂದು ಬರಹದಿಂದ ಶುರುವಾಯಿತು. ನಾನು ಕೊಪ್ಪದಲ್ಲಿದ್ದುಕೊಂಡು ಪತ್ರಿಕೆಯ ಕೆಲಸ ಮಾಡುವವನು. ಆ ವರ್ಷ ಕೃಷಿ ಪುಟಕ್ಕೆಂದು ಬಂದ ಒಂದು ಬರಹವನ್ನು ತಿದ್ದಿ ಕೊಟ್ಟಿದ್ದೆ. ಬೇರೆ ನಾಡಿನಿಂದ ಬಂದ ಕೀಟಗಳು ಹೊಸ ಹವೆಗೆ ಎಷ್ಟು ಬೇಗ ಒಗ್ಗುತ್ತವೆ ಎಂಬುದು ಅದರ ವಿಷಯ. ಒಂದೊಂದು ಹುಳುವೂ ಅಭ್ಯಾಸ ಮಾಡಿಕೊಂಡು ಗಟ್ಟಿಯಾಗುವುದಲ್ಲ. ತಾಳದವು ಮೊಟ್ಟೆ ಇಡುವ ಮೊದಲೇ ಸಾಯುತ್ತವೆ, ತಾಳಿದವುಗಳ ಸಂತಾನ ಮಾತ್ರ ಮುಂದುವರಿಯುತ್ತದೆ. ಹುಳುವಿಗೆ ವರ್ಷಕ್ಕೆ ಹಲವು ತಲೆಮಾರು ಆಗುವುದರಿಂದ ಮನುಷ್ಯ ನೋಡನೋಡುತ್ತಿದ್ದಂತೆ ತಳಿಯೇ ಬದಲಾಗಬಹುದು. ಬರಹ ಅಚ್ಚಾದ ದಿನ ಬೆಳಿಗ್ಗೆ ಅಕ್ಕನ ಫೋನ್ ಬಂತು.

"ನೀವು ಹಾಕಿದ್ದು ನಿಜ ಹೌದಾ ಮಾರಾಯ?"

"ನಿಜವೇ. ಯಾಕೆ?"

"ಹಂಗಾದ್ರೆ ನನ್ನವು ಯಾಕೆ ಒಗ್ಗಲಿಲ್ಲ? ಇಷ್ಟು ವರ್ಷ ಆಯ್ತು, ವರ್ಷವೂ ಹೊಸದಾಗಿ ಬಂದವರ ಹಾಗೆ ಚಳಿ ಹಿಡಿದು ಸಾಯ್ತವೆ."

ನಾನು ಯೋಚಿಸದೆ ಹೇಳಿಬಿಟ್ಟೆ. "ನೀನು ಅವನ್ನ ಸಾಯೋದಕ್ಕೆ ಬಿಟ್ಟಿಲ್ವಲ್ಲ ಅಕ್ಕ. ಕೆಂಡ ಇಟ್ಟು ಎಲ್ಲವನ್ನೂ ಉಳಿಸ್ತೀಯ. ಮೆತ್ತಗಿನವೂ ಉಳೀತವೆ, ಗಟ್ಟಿಯವೂ ಉಳೀತವೆ."

"ಅಂದ್ರೆ ನಾ ಆರೈಕೆ ಮಾಡಿದ್ದೇ ತಪ್ಪು ಅಂತ ಪೇಪರ್‌ನಲ್ಲಿ ಹಾಕಿದ್ದಾ?" ಎಂದಳು.

ಹಾಗೆ ಹಾಕಿರಲಿಲ್ಲ. ಅಕ್ಕ ಮಾತ್ರ ಅದನ್ನು ಹಾಗೇ ಓದಿಕೊಂಡಳು. ಆ ಮಳೆಗಾಲ ಹುಳು ಹೊರಗೆ ಇರಲಿ, ಉಳಿದರೆ ಉಳಿಯಲಿ ಎಂದು ತೀರ್ಮಾನಿಸಿದಳು. ಊಟಕ್ಕೆ ಕೂತಾಗ ಮನೆಯವರೆದುರು ಹೇಳಿಯೂಬಿಟ್ಟಳು: "ಈ ಸಲ ಉಳೀಲಿಲ್ಲ ಅಂದ್ರೆ ನಾ ಕೋಣೆ ಬಿಟ್ಕೊಡ್ತೆ." ಭಾವನಿಗೆ ಆ ಕೋಣೆ ಬಹಳ ದಿನದಿಂದ ಬೇಕಾಗಿತ್ತು. ವೀಡ್ ಕಟ್ಟರ್, ಮೆಣಸಿನ ಚೀಲ, ಹಳೆಯ ಇನ್ವರ್ಟರ್ ಎಲ್ಲವೂ ಜಗಲಿಯಲ್ಲಿ ಬಿದ್ದಿದ್ದವು. ಭಾವ ತಲೆ ಎತ್ತದೆ, "ಸಾರು ಬಡಿಸು," ಎಂದರು.

ಕೆಂಪು ದಾರದವು ಅಕ್ಕನ ಕೋಣೆಯವು, ಬಿಳಿ ದಾರದ ಹುಳುಗಳು ನರಸಿಂಹರಾಜಪುರದವು. ಅದಕ್ಕೆ ಹಿಂದಿನ ವರ್ಷ, ಮಳೆ ಬಿಟ್ಟ ಮೇಲೆ, ಬೇರೆ ಕೆಲಸಕ್ಕೆ ಆ ಕಡೆ ಹೋದವನು ಪರಿಚಯದ ಹಿರಿಯರೊಬ್ಬರ ತೋಟದಲ್ಲಿ ಅವನ್ನು ನೋಡಿದ್ದೆ. ಹಣೆಗೆ ವಿಭೂತಿ ಹಚ್ಚಿಕೊಂಡು ಗಿಡ ಕಸಿ ಮಾಡುತ್ತಿದ್ದ ಅವರನ್ನು, "ಇವನ್ನ ಎಲ್ಲಿಂದ ತರಿಸಿದ್ರಿ?" ಎಂದು ಕೇಳಿದೆ.

"ತರ್ಸೋದೆಂತ ಸ್ವಾಮಿ, ನಮ್ಮಪ್ಪನ ಕಾಲದಿಂದ್ಲೂ ಇದಾವೆ. ನಮಗಿಂತ ಮೊದಲು ಪಹಣೀಲಿ ಅವುಗಳ ಹೆಸರೇ ಬರೀಬೇಕಿತ್ತು."

ಅಕ್ಕನ ಯೋಜನೆ ಕೇಳಿದ ಮೇಲೆ ಅವರಿಂದ ಒಂದು ಡಬ್ಬಿ ಇಸಿದುಕೊಂಡು ಬಂದೆ. ತಲೆಮಾರುಗಳಿಂದ ಹೊರಗೇ ಬದುಕಿದ ಹುಳು ಒಂದು ಕಡೆ, ಕೋಣೆಯಲ್ಲಿ ಬೆಳೆದ ಹುಳು ಇನ್ನೊಂದು ಕಡೆ. ಬಿಳಿ ದಾರದವು ಉಳಿದು ಕೆಂಪು ದಾರದವು ಸತ್ತರೆ ಬರಹ ಹೇಳಿದ್ದು ಇಲ್ಲೇ ಕಣ್ಣೆದುರು ಕಾಣುತ್ತದೆ ಎಂದುಕೊಂಡೆ. ನರಸಿಂಹರಾಜಪುರದಲ್ಲಿ ಅಡ್ಡಗದ್ದೆಗಿಂತ ಮಳೆ ಬಹಳ ಕಡಿಮೆ, ಅಲ್ಲಿ ಒಗ್ಗಿದ್ದು ಇಲ್ಲಿ ಒಗ್ಗಲೇಬೇಕೆಂದಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ಜುಲೈನಲ್ಲಿ ಹೋದಾಗ ಚೀಲಗಳಲ್ಲಿ ದೊಡ್ಡ ಹುಳುಗಳಿದ್ದವು. ಮರಿ ಒಂದೂ ಇರಲಿಲ್ಲ. ಕೆಂಪು ದಾರದಲ್ಲೂ ಇಲ್ಲ, ಬಿಳಿಯಲ್ಲೂ ಇಲ್ಲ. ಆಗಸ್ಟ್‌ನಲ್ಲೂ ಹಾಗೇ. ತಿನ್ನಲು ಹಿಟ್ಟು ತಿಗಣೆಯೂ ಅಷ್ಟಾಗಿ ಉಳಿದಿರಲಿಲ್ಲ. ಮೊಟ್ಟೆ ಇಡುತ್ತಿಲ್ಲವೋ, ಇಟ್ಟದ್ದು ಚಳಿಗೆ ಕೆಡುತ್ತಿದೆಯೋ, ಮರಿ ಹಸಿವಿನಿಂದ ಸಾಯುತ್ತಿದೆಯೋ ಗೊತ್ತಾಗಲಿಲ್ಲ. ಅಕ್ಕ ದಿನಕ್ಕೆರಡು ಸಲ ಗಿಡದ ಹತ್ತಿರ ಹೋಗಿ ಬರುತ್ತಿದ್ದಳು. ಅವಳ ಮುಖ ನೋಡಿ ನಾನು ಬೇರೆ ವಿಷಯ ತೆಗೆದೆ.

ಭಾವನೇ ಅದನ್ನು ಎತ್ತಿದ್ದು. ಕಾಫಿ ಲೋಟ ಹಿಡಿದು ಜಗಲಿಯಲ್ಲಿ ಕೂತು, ನನ್ನನ್ನು ನೋಡಿ ಹೇಳಿದರು:

"ನೀನು ಲೆಕ್ಕ ಗೊತ್ತಿದ್ದವನು, ನೀನೇ ಹೇಳು ಮಾರಾಯ. ಹುಳ ಸತ್ರೆ ಕೋಣೆ ದಂಡ. ಹುಳ ಹೊರಗೇ ಬದುಕಿದ್ರೆ ಕೋಣೆ ಬೇಡವೇ ಬೇಡ. ಹೌದೋ ಅಲ್ಲವೋ?"

ನಾನು ನನ್ನ ಲೋಟವನ್ನು ಬಾಯಿಗೆ ಹಿಡಿದೆ.

"ನೋಡಿದ್ಯಾ," ಎಂದರು ಅಕ್ಕನ ಕಡೆ ತಿರುಗಿ. "ನಿನ್ನ ತಮ್ಮನೇ ಬಾಯಿ ಮುಚ್ಕೊಂಡ."

"ಅವನು ಯಾವತ್ತು ನನ್ನ ಪರ ಮಾತಾಡಿದ್ದಾನೆ?" ಎಂದಳು ಅಕ್ಕ. ಲೋಟ ತೆಗೆದುಕೊಂಡು ಒಳಗೆ ಹೋದಳು.

ಮರಿಗಳ ಕಥೆ ಬಯಲಾದದ್ದು ಸೆಪ್ಟೆಂಬರ್‌ನ ಒಂದು ಭಾನುವಾರ ಬೆಳಿಗ್ಗೆ. ಹಿಂದಿನ ಸಂಜೆ ಅಲ್ಲೇ ಉಳಿದಿದ್ದೆ. ಹಲ್ಲುಜ್ಜುತ್ತ ಅಂಗಳಕ್ಕೆ ಬಂದಾಗ ಅಕ್ಕನ ಅತ್ತೆ ಹೂಬುಟ್ಟಿ ಹಿಡಿದು ದಾಸವಾಳದ ಬುಡದಲ್ಲಿ ನಿಂತಿದ್ದರು. ಎಂಬತ್ತು ದಾಟಿದವರು, ಮಡಿಯವರು, ಹುಳುವಿನ ಕೋಣೆಯೊಳಗೆ ಒಮ್ಮೆಯೂ ಕಾಲಿಟ್ಟವರಲ್ಲ. ಅವರು ನಿಧಾನವಾಗಿ ಒಂದು ಚೀಲದ ದಾರ ಬಿಚ್ಚಿ, ಒಳಗೆ ಕೈ ಹಾಕಿ ಹೂವು ಕೊಯ್ದರು. ಕೊಂಬೆಯನ್ನು ತಿರುಗಿಸಿ ನೋಡಿದರು. ಬೆಳ್ಳಗಿನದೇನನ್ನೋ ಎರಡು ಬೆರಳಲ್ಲಿ ಹಿಡಿದು ಹಿಂಡಿ, ಸೆರಗಿಗೆ ತಾಗದ ಹಾಗೆ ಕೈ ಝಾಡಿಸಿದರು. ಮತ್ತೆ ದಾರ ಕಟ್ಟಿದರು.

"ಅಮ್ಮ, ಎಂತ ಮಾಡ್ತಿದ್ದೀರಿ?"

"ಹೂವು ಕೊಯ್ತಿದ್ದೆ. ಈ ಚೀಲದೊಳಗಿನ ಹೂವು ಮಳೆಗೆ ಹಾಳಾಗೂದಿಲ್ಲ, ಚೊಕ್ಕ ಇರ್ತದೆ. ನಿನ್ನ ಅಕ್ಕ ದೇವರಿಗಂತಲೇ ಕಟ್ಟಿದ್ದು, ಬುದ್ಧಿವಂತೆ."

"ಹಿಂಡಿದ್ದು ಎಂತ?"

"ಹಿಟ್ಟು ಮಾರಾಯ. ಹುಳ ಬಿದ್ದ ಗಿಡದ ಹೂವು ದೇವರಿಗೆ ಆಗ್ತದಾ? ದಿನಾ ತೆಗೀತೆ. ಬೆಳ್ಳಗೆ ದಪ್ಪ ದಪ್ಪ ಇರ್ತವೆ, ಓಡ್ತವೆ ಬೇರೆ."

ಗುಲಗಂಜಿ ಹುಳುವಿನ ಮರಿ ನೋಡಲು ಥೇಟ್ ಹಿಟ್ಟು ತಿಗಣೆಯ ಹಾಗೇ ಇರುತ್ತದೆ. ಮೈತುಂಬ ಬಿಳಿ ಮೇಣದ ಕುಚ್ಚು. ಸ್ವಲ್ಪ ದೊಡ್ಡದು, ಸ್ವಲ್ಪ ಚುರುಕು, ಅಷ್ಟೇ ವ್ಯತ್ಯಾಸ. ಅಕ್ಕ ಅಡುಗೆಮನೆಯಿಂದ ಓಡಿಬಂದಳು. ಅವಳ ಕೈಯಲ್ಲಿ ದೋಸೆಯ ಸಟ್ಟುಗ ಇತ್ತು.

"ಅತ್ತೆ! ಅದು ನನ್ನ ಹುಳದ ಮರಿ!"

"ನಿನ್ನ ಹುಳ ಕರಿದು. ಕಿತ್ತಳೆ ತಲೆಯದ್ದು. ನನಗೆ ಗೊತ್ತಿಲ್ವಾ? ಅದನ್ನ ಒಂದೂ ಕೊಂದಿಲ್ಲ ನಾನು. ಹೂವಿನ ಸಂಗಡ ಬುಟ್ಟಿಗೆ ಬಿದ್ದಿದ್ದನ್ನ ಹೆಕ್ಕಿ ವಾಪಸ್ ಚೀಲಕ್ಕೇ ಹಾಕಿದ್ದೆ."

"ಯಾವ ಚೀಲಕ್ಕೆ?"

ಅತ್ತೆ ಆರೂ ಚೀಲಗಳನ್ನು ಒಂದು ಸಲ ನೋಡಿದರು. "ಯಾವುದಾದ್ರೆ ಎಂತ? ಎಲ್ಲ ನಿನ್ನದೇ ಅಲ್ವಾ?"

ಆಗ ನಾನು ದಾರಗಳನ್ನು ನೋಡಿದೆ. ನಾಲ್ಕು ಚೀಲಕ್ಕೆ ಬಿಳಿ ದಾರ, ಒಂದಕ್ಕೆ ಕೆಂಪು. ಇನ್ನೊಂದಕ್ಕೆ ಬಾಳೆಪಟ್ಟೆ ಕಟ್ಟಿತ್ತು. ಕೆಂಪು ದಾರ ಎಲ್ಲಿ ಹೋಯಿತು ಎಂದು ಕೇಳಲಿಲ್ಲ. ಜಗಲಿಯ ದೇವರ ಪಟದ ಮೇಲೆ ದಾಸವಾಳದ ಮಾಲೆ ಇತ್ತು, ಅದನ್ನು ಕೆಂಪು ದಾರದಲ್ಲಿ ಕಟ್ಟಲಾಗಿತ್ತು.

ಅಕ್ಕ ಸಿಟ್ಟು ಮಾಡಲಿಲ್ಲ. ಸಟ್ಟುಗ ಹಿಡಿದೇ ಮೆಟ್ಟಿಲ ಮೇಲೆ ಕೂತಳು. ಒಳಗೆ ದೋಸೆ ಸೀದ ವಾಸನೆ ಬಂತು.

ಅಕ್ಟೋಬರ್‌ನಲ್ಲಿ ಮಳೆ ಬಿಟ್ಟಿತು. ಚೀಲ ಬಿಚ್ಚಿದಾಗ ದೊಡ್ಡ ಹುಳುಗಳೂ ಉಳಿದಿರಲಿಲ್ಲ. ಕೋಣೆ ಬಿಡುವುದೇ ಸರಿ ಎಂದು ಅಕ್ಕ ಪೆಟ್ಟಿಗೆಗಳನ್ನು ತೊಳೆದು ಬಿಸಿಲಿಗೆ ಇಟ್ಟಳು. ಅದಾದ ವಾರಕ್ಕೆ ಕಾಫಿ ಗಿಡದ ಮರಿಚಿಗುರು ತೆಗೆಯಲು ಹೋದ ಭಾವ ತೋಟದಿಂದಲೇ ಕೂಗಿದರು: "ನಿನ್ನ ನೆಂಟರು ಇಲ್ಲಿದ್ದಾರೆ, ಬಾ!"

ರೊಬಸ್ಟಾ ಗಿಡದ ಗೊಂಚಲುಗಳ ನಡುವೆ ಕಿತ್ತಳೆ ತಲೆಯ ಹುಳುಗಳಿದ್ದವು. ದಾಸವಾಳಕ್ಕೆ ಮರಳಿ ಬಂದು ಹುಡುಕಿದರೆ ಅಲ್ಲೂ ಇದ್ದವು. ಎಲೆಯ ತುದಿಯಲ್ಲಿ, ಹೂವಿನ ಹತ್ತಿರ ಒಂದೂ ಇಲ್ಲ. ಕೆಳಗೆ, ತೊಗಟೆ ಬಿರಿದ ಕಡೆ, ಕೊಂಬೆಯ ಕವಲಿನ ಸಂದಿಯಲ್ಲಿ ಮರಿಗಳು ಅಡಗಿದ್ದವು.

ಅಂದಿನಿಂದ ನನಗೆ ನೇರವಾಗಿ ಬರೆಯಲು ಬರದ ವಿಷಯ ಇದು. ಹುಳು ಉಳಿದಿದೆ ಎಂಬುದು ನೋಡಿದ್ದು. ಅತ್ತೆ ಚೀಲ ಬಿಚ್ಚಿದಾಗಲೆಲ್ಲ ಕೆಲವು ಹೊರಗೆ ಹಾರಿರಬೇಕು. ಉಳಿದದ್ದು ಯಾವ ಹುಳು? ನರಸಿಂಹರಾಜಪುರದ್ದೇ? ಕೋಣೆಯದರಲ್ಲಿ ಗಟ್ಟಿಯಾದ ಕೆಲವೇ? ಅತ್ತೆ ಒಂದೇ ಚೀಲಕ್ಕೆ ಹಾಕಿದ ಮೇಲೆ ಎರಡೂ ಬೆರೆತು ಹುಟ್ಟಿದವೇ? ಅಥವಾ ಹಿಂದಿನ ವರ್ಷಗಳಲ್ಲಿ ತೋಟಕ್ಕೆ ಬಿಟ್ಟವು ಪ್ರತಿ ಮಳೆಗಾಲವೂ ಎಲ್ಲೋ ಸ್ವಲ್ಪ ಉಳಿಯುತ್ತಲೇ ಇದ್ದು, ಸತ್ತವು ಎಂದು ಅಕ್ಕ ಸುಮ್ಮನೆ ನಂಬಿದ್ದಳೇ? ಅಡಗಿ ಕೂತ ಮರಿಗಳಂತೂ ನನ್ನನ್ನು ಇನ್ನಷ್ಟು ಗೊಂದಲಕ್ಕೆ ತಳ್ಳಿದವು. ಕಣ್ಣಿಗೆ ಬೀಳುವ ಹಾಗೆ ಓಡಾಡಿದ ಮರಿಯನ್ನೆಲ್ಲ ಅತ್ತೆ ದಿನವೂ ಹಿಂಡಿದ್ದರು. ಸಂದಿಯಲ್ಲಿದ್ದವು ತಪ್ಪಿಸಿಕೊಂಡವು. ಅವು ಮಳೆಗೆ ಹೆದರಿ ಅಲ್ಲಿ ಸೇರಿದವೋ, ಸೇರುವ ಸ್ವಭಾವದವು ಮಾತ್ರ ಅತ್ತೆಯ ಕೈಯಿಂದ ಉಳಿದವೋ?

ಪರಿಚಯದ ಕೀಟತಜ್ಞರೊಬ್ಬರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು.

"ಕಣ್ಣಲ್ಲಿ ನೋಡಿ ಹೇಳೋದಕ್ಕೆ ಆಗಲ್ಲ. ಎರಡು ತಳಿಯನ್ನೂ ಒಂದೇ ಹವೆಯಲ್ಲಿ, ಕೆಲವು ತಲೆಮಾರು ಬೇರೆ ಬೇರೆ ಸಾಕಿ ಹೋಲಿಸಬೇಕು. ಬೇರೆ ಬೇರೆ ಇಟ್ಟಿದ್ದೀರಲ್ಲ?"

"ಇಟ್ಟಿದ್ದೆವು," ಎಂದೆ.

ಕೋಣೆಯ ವಿಷಯದಲ್ಲಿ ಭಾವನ ಲೆಕ್ಕವೇ ನಡೆಯಿತು. ಹುಳು ಹೊರಗೆ ಬದುಕಿತು, ಹಾಗಾಗಿ ಕೋಣೆ ಬೇಡ. ಅಕ್ಕ ಒಪ್ಪಿಕೊಂಡಳು. ಒಪ್ಪದಿರಲು ಅವಳ ಬಳಿ ಕಾರಣವಿರಲಿಲ್ಲ. ಡಿಸೆಂಬರ್‌ನಲ್ಲಿ ಮೆಣಸಿನ ಚೀಲಗಳು ಒಳಗೆ ಹೋದವು. ಆ ದಿನ ಅವಳು ನನಗೆ ಫೋನ್ ಮಾಡಿ ಕೇಳಿದಳು: "ನಾ ಗೆದ್ದದ್ದಾ, ಸೋತದ್ದಾ? ನೀ ಪೇಪರಿನವನು, ಒಂದು ಹೆಡ್ಡಿಂಗ್ ಕೊಡು ನೋಡ್ವ."

2023ರಲ್ಲಿ ಮಳೆ ಕಡಿಮೆ. ತೋಟದಲ್ಲಿ ಹುಳು ಧಾರಾಳವಾಗಿತ್ತು. ಒಗ್ಗಿದ್ದಕ್ಕೆ ಬದುಕಿದವು ಎನ್ನಲು ಬರುವಂತಿರಲಿಲ್ಲ, ಒಗ್ಗಬೇಕಾದಷ್ಟು ಮಳೆಯೇ ಬಂದಿರಲಿಲ್ಲ. 2024ರಲ್ಲಿ ಮಳೆ ಜೋರು. ತುಂಗೆ ಶೃಂಗೇರಿಯಲ್ಲಿ ಉಕ್ಕಿದ ಸುದ್ದಿ ಬರೆಯುವುದರಲ್ಲೇ ನನ್ನ ದಿನಗಳು ಹೋದವು. ಅಕ್ಟೋಬರ್‌ನಲ್ಲಿ ಹೋಗಿ ನೋಡಿದರೆ ಹುಳು ಕಡಿಮೆಯಾಗಿತ್ತು, ಇಲ್ಲವಾಗಿರಲಿಲ್ಲ. ಅದು ಒಗ್ಗಿದ್ದರ ಗುರುತೋ ಒಗ್ಗದ್ದರ ಗುರುತೋ ಎಂದು ನಾನೂ ಅಕ್ಕನೂ ಬಹಳ ಹೊತ್ತು ವಾದ ಮಾಡಿದೆವು. ಅರ್ಧ ದಾರಿಯಲ್ಲಿ ನಾನು ಅವಳ ಮಾತು ಹೇಳುತ್ತಿದ್ದೆ, ಅವಳು ನನ್ನದು.

2025ರ ಬೇಸಿಗೆಯಲ್ಲಿ ಕಿಗ್ಗದಿಂದ ಒಬ್ಬ ಹೆಂಗಸು ಖಾಲಿ ಹಾರ್ಲಿಕ್ಸ್ ಬಾಟಲಿ ಹಿಡಿದು ಬಂದಳು. ಅವಳ ಕಾಫಿಗೆ ಹಿಟ್ಟು ತಿಗಣೆ ಹತ್ತಿತ್ತು. ಹುಳದಕ್ಕನ ಮನೆ ಎಂದು ಕೇಳಿಕೊಂಡು, ಶೃಂಗೇರಿಯಲ್ಲಿ ಬಸ್ಸು ಬದಲಿಸಿ ಬಂದಿದ್ದಳು.

"ಈಗ ಸಾಕ್ತಿಲ್ಲ ಮಾರಾಯ್ತಿ," ಎಂದಳು ಅಕ್ಕ. "ತೋಟದಲ್ಲಿ ಅವೆ. ಅವುಗಳ ಪಾಡಿಗೆ ಅವೆ."

"ತೋಟದ್ದೇ ನಾಲ್ಕು ಹಿಡಿದು ಕೊಡಿ ಅಕ್ಕ. ನಮ್ಮ ಕಡೆ ಮಳೆ ನಿಮಗಿಂತ ಜಾಸ್ತಿ. ಕೋಣೆ ಒಳಗೆ ಸಾಕಿದ್ದು ತಡೀತಿರಲಿಲ್ಲ ಅಂತ ಹಿಂದೆ ತಗೊಂಡವರು ಹೇಳ್ತಾರೆ."

ಅಕ್ಕನಿಗೆ ಅದು ಹೊಗಳಿಕೆಯೋ ದೂರೋ ತಿಳಿಯಲಿಲ್ಲವಂತೆ. ಇಬ್ಬರೂ ಮಧ್ಯಾಹ್ನದವರೆಗೆ ತೋಟ ಸುತ್ತಿದರು. ಬಾಟಲಿಯ ತಳ ಮುಚ್ಚುವಷ್ಟೂ ಸಿಗಲಿಲ್ಲ. ಚದುರಿ ಬದುಕುವ ಹುಳುವನ್ನು ಹಿಡಿದು ಇನ್ನೊಬ್ಬರಿಗೆ ಕೊಡುವುದು ಎಷ್ಟು ಕಷ್ಟ ಎಂಬುದು ಆ ದಿನದವರೆಗೆ ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ಊಟಕ್ಕೆ ಬಂದ ಭಾವ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಇಷ್ಟೇ ಹಿಡ್ಕೊಂಡು ಕಿಗ್ಗದವರೆಗೆ ಹೋಗೂದಾ ಇವಳು?"

"ಮತ್ತೆಂತ ಮಾಡೂದು? ಹೆಚ್ಚು ಮಾಡೂಕೆ ಜಾಗ ಬೇಕು," ಎಂದಳು ಅಕ್ಕ.

ಮುಂದಿನ ಸಂತೆಯ ದಿನ ಭಾವ ಕೊಪ್ಪಕ್ಕೆ ಬಂದಿದ್ದರು. ಬಸ್ ನಿಲ್ದಾಣದಲ್ಲಿ ನನಗೆ ಸಿಕ್ಕಾಗ ಅವರ ಚೀಲದಲ್ಲಿ ಚೀನಿಕಾಯಿ ಇತ್ತು. "ಸಾಂಬಾರಿಗೆ," ಎಂದರು. ತೊಟ್ಟು ಮುರಿಯದ ಹಾಗೆ ಬಟ್ಟೆ ಸುತ್ತಿದ್ದರು.

ಆ ವರ್ಷ ಮೇ ತಿಂಗಳ ಕೊನೆಗೇ ಮಳೆ ಹಿಡಿಯಿತು. ಅದಕ್ಕೂ ಮೊದಲೇ ಕಿಗ್ಗದ ಹೆಂಗಸು ಎರಡನೇ ಸಲ ಬಂದು, ಕೋಣೆಯಲ್ಲಿ ಮತ್ತೆ ಹೆಚ್ಚಿಸಿದ ಹುಳು ತುಂಬಿದ ಬಾಟಲಿ ಒಯ್ದು, ತನ್ನ ಗಿಡಗಳಿಗೆ ಬಿಟ್ಟಳು. ಅಕ್ಕ ಕೆಲವನ್ನು ಕೋಣೆಯಲ್ಲಿ ಇಟ್ಟುಕೊಂಡು, ಉಳಿದವನ್ನು ಹೊರಗೇ ಬಿಟ್ಟಳು. ದಾರ ಕಟ್ಟಲಿಲ್ಲ. ಬಲ್ಬ್ ಹಾಕುವುದೋ ಬೇಡವೋ ಎಂದು ನನ್ನನ್ನು ಕೇಳಿದಳು. ಗೊತ್ತಿಲ್ಲ ಎಂದೆ. ಒಂದು ದಿನ ಹಾಕಿ ಒಂದು ದಿನ ಬಿಟ್ಟಳಂತೆ. ಅತ್ತೆ ಈಗ ದಾಸವಾಳದ ಬಿಳಿ ಹುಳುವನ್ನು ಹಿಂಡುವ ಮೊದಲು ಅಕ್ಕನನ್ನು ಕರೆದು ತೋರಿಸುತ್ತಾರೆ. ಅಕ್ಕ ಬರುವಷ್ಟರಲ್ಲಿ ಕೆಲವು ಓಡಿಹೋಗಿರುತ್ತವೆ. ಓಡಿದ್ದು ಮರಿ, ಕೂತದ್ದು ಹಿಟ್ಟು ಎಂದು ಅತ್ತೆ ತಾವೇ ಒಂದು ನಿಯಮ ಮಾಡಿಕೊಂಡಿದ್ದಾರೆ.

ಹಿಂಬದಿಯ ಕೋಣೆಯಲ್ಲಿ ಒಂದು ಗೋಡೆಗೆ ಮೆಣಸಿನ ಚೀಲ ಮತ್ತು ವೀಡ್ ಕಟ್ಟರ್, ಎದುರಿನ ಗೋಡೆಗೆ ಚೀನಿಕಾಯಿಗಳು ಇವೆ. 2025ರ ಅಕ್ಟೋಬರ್ ಕೊನೆಯಲ್ಲಿ ಕಿಗ್ಗದಿಂದ ಅಕ್ಕನಿಗೆ ಫೋನ್ ಬಂತು. ಕಾಫಿ ಗಿಡದ ಕವಲಿನಲ್ಲಿ ಬೆಳ್ಳಗೆ ಏನೋ ಇದೆ, ಕೀಟವೋ ಮರಿಯೋ ತಿಳಿಯುತ್ತಿಲ್ಲ ಎಂದು ಆ ಹೆಂಗಸು ಹೇಳಿದಳು. ಹಿಂಡಬೇಡ, ನಾನು ಬರುತ್ತೇನೆ ಎಂದು ಅಕ್ಕ ಹೇಳಿದ್ದಾಳೆ.